ಸಿಂಧಿಯಾದಲ್ಲಿ ಇಳಿಯುವವರು

ವಿಶಾಖಪಟ್ಟಣದ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ 'ಸಿಂಧಿಯಾ, ಸಿಂಧಿಯಾ' ಎಂದು ಕೂಗಿದರೆ ಈಗಲೂ ನನ್ನ ಕಾಲು ತಾನಾಗಿ ಬಾಗಿಲ ಕಡೆ ಹೊರಳುತ್ತದೆ. ನಾನು ಬೆಳೆದದ್ದು ಅಲ್ಲೇ ಹತ್ತಿರದ ಗಾಂಧಿಗ್ರಾಮದ ಕ್ವಾರ್ಟರ್ಸಿನಲ್ಲಿ. ಸಿಂಧಿಯಾ ಅಂದರೆ ಯಾರು, ಈ ಸ್ಟಾಪಿಗೆ ಆ ಹೆಸರು ಹೇಗೆ ಬಂತು ಎಂದು ಚಿಕ್ಕವನಿದ್ದಾಗ ಕೇಳಿದ್ದಕ್ಕೆ ಅಪ್ಪಯ್ಯ, 'ಹಡಗಿನ ಮೇಲೆ ಬಂತು' ಎಂದಿದ್ದರು. ತಮಾಷೆ ಅಂದುಕೊಂಡೆ. ಅದು ನಿಜವೇ ಆಗಿತ್ತು.

ಸೊಲ್ಲಾಪುರದ ವಾಲ್‌ಚಂದ್ ಹೀರಾಚಂದ್ ಮತ್ತು ಅವರ ಗೆಳೆಯರು 1919ರಲ್ಲಿ ಗ್ವಾಲಿಯರ್ ಮಹಾರಾಜ ಸಿಂಧಿಯಾ ಅವರ 'ಲಾಯಲ್ಟಿ' ಹಡಗನ್ನು ಕೊಂಡರು. ಕಟ್ಟಿದ ಕಂಪನಿಗೂ ಸಿಂಧಿಯಾ ಎಂದೇ ಹೆಸರಾಯಿತು. ಆ ಹಡಗು ಮುಂಬೈಯಿಂದ ಲಂಡನ್ನಿಗೆ ಹೊರಟ ಏಪ್ರಿಲ್ 5 ಇಂದು ರಾಷ್ಟ್ರೀಯ ನೌಕಾಯಾನ ದಿನ. ಆದರೆ ಹಡಗು ಓಡಿಸಿದರೆ ಸಾಕೆ? ಕಟ್ಟುವುದೂ ಇಲ್ಲೇ ಆಗಬೇಕೆಂದು ವಾಲ್‌ಚಂದರ ಹಟ. 1933ರಲ್ಲಷ್ಟೇ ಬಂದರು ಕಂಡಿದ್ದ ವಿಶಾಖಪಟ್ಟಣದಲ್ಲಿ 1941ರ ಜೂನ್ 21ರಂದು ಬಾಬು ರಾಜೇಂದ್ರ ಪ್ರಸಾದರು ಯಾರ್ಡಿಗೆ ಅಡಿಗಲ್ಲು ಇಟ್ಟರು. ಅದಕ್ಕೆ ಆರು ತಿಂಗಳ ಹಿಂದೆ ಮೈಸೂರು ಸರ್ಕಾರದ ಜೊತೆಗೂಡಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಶುರುಮಾಡಿದ್ದವರೂ ಇದೇ ವಾಲ್‌ಚಂದ್. ಬೆಂಗಳೂರಿನ ಎಚ್‌ಎಎಲ್ಲೂ ನಮ್ಮ ಯಾರ್ಡೂ ಒಂದೇ ಮನೆಯ ಮಕ್ಕಳು.

ಮರುವರ್ಷ ಏಪ್ರಿಲ್ 6ರಂದು ಜಪಾನೀ ವಿಮಾನಗಳು ಬಂದರಿನ ಮೇಲೆ ಬಾಂಬು ಹಾಕಿದವು. ಊರಿಗೆ ಊರೇ ಗಂಟುಮೂಟೆ ಕಟ್ಟಿತು. ಯಾರ್ಡಿನ ಮೊದಲ ಹಡಗು ನೀರಿಗಿಳಿಯುವ ಹೊತ್ತಿಗೆ ದೇಶ ಸ್ವತಂತ್ರವಾಗಿತ್ತು. 1948ರ ಮಾರ್ಚ್ 14ರಂದು ಎಂಟು ಸಾವಿರ ಟನ್ನಿನ 'ಜಲ ಉಷಾ'ವನ್ನು ನೆಹರೂ ಕಡಲಿಗೆ ಬಿಟ್ಟರು. 1952ರಲ್ಲಿ ಸರ್ಕಾರ ಒಳಗೆ ಬಂತು, ಹಿಂದುಸ್ಥಾನ್ ಶಿಪ್‌ಯಾರ್ಡ್ ಆಯಿತು. ಗೇಟಿನ ಬೋರ್ಡು ಬದಲಾಯಿತು, ಬಸ್ಸಿನ ಕೂಗು ಬದಲಾಗಲಿಲ್ಲ.

ಅಪ್ಪಯ್ಯ ಗಂಗೊಳ್ಳಿಯಲ್ಲಿ ದೋಣಿ ಕಟ್ಟುವ ಆಚಾರಿ. ಕಬ್ಬಿಣದ ಹಡಗಿನ ಯಾರ್ಡಿನಲ್ಲಿ ಮರದ ಆಚಾರಿಗೇನು ಕೆಲಸ? ಇತ್ತು. ಕಂಪ್ಯೂಟರ್ ಬರುವ ಮೊದಲು ಹಡಗಿನ ಮೈಯ ಒಂದೊಂದು ಬಾಗನ್ನೂ ಲಾಫ್ಟ್ ಎಂಬ ದೊಡ್ಡ ಅಟ್ಟದ ನೆಲದ ಮೇಲೆ, ಇದ್ದ ಅಳತೆಯಲ್ಲೇ ಬರೆಯುತ್ತಿದ್ದರು. ಬಳುಕುವ ಮರದ ಪಟ್ಟಿ ಹಿಡಿದು ಗೆರೆ ಎಳೆದು, ಆ ಗೆರೆಗೆ ಸರಿಯಾಗಿ ತೆಳು ಹಲಗೆಯಲ್ಲಿ ಅಚ್ಚು ಕೊಯ್ದು ಕೊಟ್ಟರೆ ಉಕ್ಕಿನ ತಗಡನ್ನು ಅದರಂತೆ ಕತ್ತರಿಸಿ ಬಗ್ಗಿಸುವುದು. ಅಚ್ಚು ಒಂದೆಳೆ ತಪ್ಪಿದರೆ ತಗಡು ತಗಡಿಗೆ ಕೂಡದು. 'ನಮ್ಮೂರಗ್ ದೋಣಿ ತಲಿಯಗ್ ಇತ್ತ್, ಇಲ್ಲ್ ನೆಲದ್ ಮೇಲ್ ಇತ್ತ್' ಎಂದು ಅಪ್ಪಯ್ಯ ಎರಡು ವಿದ್ಯೆಯ ಅಂತರವನ್ನು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು.

ನಮ್ಮ ಸಾಲಿನಲ್ಲಿ ಬಂಗಾಳಿ, ಮಲಯಾಳಿ, ತಮಿಳು, ಒಡಿಯಾ ಮನೆಗಳಿದ್ದವು. ಎಲ್ಲರಿಗೂ ಒಂದೇ ಗಡಿಯಾರ, ಯಾರ್ಡಿನ ಸೈರನ್. ಬೆಳಗಿನ ಸೈರನ್ನಿಗೆ ಸೈಕಲ್ಲುಗಳ ಹೊಳೆ ಗೇಟಿನ ಕಡೆ ಹರಿಯಿತೆಂದರೆ ರಸ್ತೆ ದಾಟಲು ಕೋಳಿಗೂ ಧೈರ್ಯ ಬರುತ್ತಿರಲಿಲ್ಲ. ಅಮ್ಮ ಕುಚ್ಚಲಕ್ಕಿಗೆ ಎಸರಿಡುವುದೂ ಸೈರನ್ ಕೇಳಿಯೇ. ಭಾನುವಾರ ಸದ್ದಿಲ್ಲದೆ ಅವರ ಅನ್ನ ಮೆತ್ತಗಾಗುತ್ತಿತ್ತು. ಪಕ್ಕದ ಮನೆಯ ಅತ್ತಮ್ಮ ಆ ದಪ್ಪ ಕೆಂಪಕ್ಕಿಯನ್ನು ನೋಡಿ ನಗುತ್ತಿದ್ದರು. ಅವರು ಕೊಟ್ಟ ಗೋಂಗೂರ ಚಟ್ನಿ ಅದೇ ಅನ್ನದ ಜೊತೆ ನಮ್ಮ ಮನೆಯ ಖಾಯಂ ಊಟವಾಯಿತು.

ಹಡಗು ನೀರಿಗಿಳಿಯುವ ದಿನವೆಂದರೆ ಜಾತ್ರೆ. ತೆಂಗಿನಕಾಯಿ ಒಡೆದು, ಹಿಡಿದಿದ್ದ ಆಧಾರ ತಪ್ಪಿಸಿದರೆ, ಗ್ರೀಸು ಬಳಿದ ಇಳಿಜಾರಿನ ಮೇಲೆ ಹಡಗು ಮೊದಲು ನಡುಗಿ, ಆಮೇಲೆ ಮೆಲ್ಲಗೆ, ಕಡೆಗೆ ಯಾರ ಮಾತೂ ಕೇಳದ ಹಾಗೆ ಜಾರುತ್ತಿತ್ತು. ಎಲ್ಲರೂ ಕೇಕೆ ಹಾಕುವಾಗ ಅಪ್ಪಯ್ಯ ಸುಮ್ಮನೆ ನಿಂತಿರುತ್ತಿದ್ದರು. ಸಂಜೆ ಆ ಖಾಲಿ ಜಾಗದಲ್ಲಿ ಆಕಾಶ ವಿಪರೀತ ದೊಡ್ಡದಾಗಿ ಕಾಣುತ್ತಿತ್ತು. ಅಷ್ಟು ಹಡಗಿಗೆ ಅಚ್ಚು ಕೊಯ್ದವರು ಒಂದರಲ್ಲೂ ಪ್ರಯಾಣ ಮಾಡಲಿಲ್ಲ. ರಜೆಗೆ ಊರಿಗೆಂದರೆ ವಾಲ್ಟೇರಿನಿಂದ ರೈಲು, ಮದ್ರಾಸು, ಮಂಗಳೂರು, ಕಡೆಗೆ ಕುಂದಾಪುರದಿಂದ ಹೊಳೆ ದಾಟಲು ಒಂದು ದೋಣಿ.

ಈಗ ಯೋಚಿಸಿದರೆ, ಯಾರ್ಡು ಕಟ್ಟಿದ ಹಡಗುಗಳೆಲ್ಲ ಹೋಗುವುದಕ್ಕೇ ಹುಟ್ಟಿದವು. ಊರಿಗೆ ಉಳಿದದ್ದು ಅವನ್ನು ಕಟ್ಟಲು ಬಂದವರು. ಸಿಂಧಿಯಾ ಕಂಪನಿಯ ಹಡಗುಗಳು ಕಡಲಿನಿಂದ ಮರೆಯಾಗಿ ದಶಕಗಳಾದವು, ನಮ್ಮ ಸ್ಟಾಪು ಹಾಗೇ ಇದೆ.

ನಿವೃತ್ತನಾಗಿ ನಾನೀಗ ಉಡುಪಿಯಲ್ಲಿದ್ದೇನೆ. 2020ರಲ್ಲಿ ಕೊಚ್ಚಿನ್ ಶಿಪ್‌ಯಾರ್ಡ್ ಮಲ್ಪೆಯ ಯಾರ್ಡನ್ನು ಕೊಂಡಿತು. ಟಗ್ಗುಗಳು, ನಾರ್ವೆಯ ಕಂಪನಿಗೆ ಸರಕು ಹಡಗುಗಳು ಎಂದು ಅಲ್ಲೀಗ ಬಿಡುವಿಲ್ಲದ ಕೆಲಸ. ಮೊನ್ನೆ ಮಲ್ಪೆಯ ಚಹಾ ಅಂಗಡಿಯಲ್ಲಿ ವೆಲ್ಡಿಂಗ್ ಕಿಡಿಗೆ ತೂತುಬಿದ್ದ ಅಂಗಿಯ ಹುಡುಗನೊಬ್ಬ ಫೋನಿನಲ್ಲಿ ತೆಲುಗು ಮಾತಾಡುತ್ತಿದ್ದ. ಅವನ ಮಾತು ಮುಗಿದ ಮೇಲೆ ತಡೆಯಲಾರದೆ 'ಏ ಊರು?' ಎಂದೆ.

'ವೈಜಾಗ್. ಸಿಂಧಿಯಾ ಹತ್ರ,' ಎಂದು ತೆಲುಗಿನಲ್ಲೇ ಹೇಳಿ, 'ಮೀದಿ?' ಎಂದು ಕೇಳಿದ.

ನಾನೂ ಅದನ್ನೇ ಹೇಳಿದೆ.