ತಂಡದ ವಿಕಿಯಲ್ಲಿ ಟ್ಯಾಗ್ ಹಿಡಿದು ಹುಡುಕುವುದು

ವಿಕಿಯ ಪುಟ ಯಾವುದರ ಬಗ್ಗೆ ಇದೆ ಎಂದು ತಿಳಿಸಲು ಅದಕ್ಕೆ ಅಂಟಿಸುವ ಗುರುತಿನ ಪದವೇ ಟ್ಯಾಗ್. ಒಂದೇ ಟ್ಯಾಗ್ ಹೊತ್ತ ಪುಟಗಳು ವಿಕಿಯ ಯಾವ ಮೂಲೆಯಲ್ಲಿದ್ದರೂ ಒಂದೇ ಪಟ್ಟಿಯಲ್ಲಿ ಸಿಗುತ್ತವೆ. ಕಾನ್‌ಫ್ಲುಯೆನ್ಸ್ ತಂತ್ರಾಂಶ ಇದನ್ನು ಲೇಬಲ್ ಎನ್ನುತ್ತದೆ, ವಿಕಿಪೀಡಿಯದ ಅಡಿಪಾಯವಾದ ಮೀಡಿಯಾವಿಕಿ ವರ್ಗ ಎನ್ನುತ್ತದೆ. ಟಿಡ್ಲಿವಿಕಿ ಮತ್ತು ಎಕ್ಸ್‌ವಿಕಿಗಳಲ್ಲಿ ಇದರ ಹೆಸರು ಟ್ಯಾಗ್ ಎಂದೇ.

ಸಂಸ್ಥೆಗಳ ವಿಕಿ ಸಾಮಾನ್ಯವಾಗಿ ಬೆಳೆಯುವುದು ವಿಭಾಗಗಳ ಲೆಕ್ಕದಲ್ಲಿ. ಸರ್ವರ್ ಕೈಕೊಟ್ಟ ರಾತ್ರಿಯ ವರದಿ ತಾಂತ್ರಿಕ ತಂಡದ ಪುಟಗಳಲ್ಲಿ ಇರುತ್ತದೆ. ಅದೇ ರಾತ್ರಿ ಬಂದ ದೂರುಗಳ ಟಿಪ್ಪಣಿ ಸಹಾಯವಾಣಿಯವರ ಪುಟಗಳಲ್ಲಿ, ಪರಿಹಾರ ಕೊಟ್ಟ ಲೆಕ್ಕ ಹಣಕಾಸಿನವರ ಬಳಿ. ಮೂರನ್ನೂ ಒಟ್ಟಿಗೆ ನೋಡಬೇಕಾದವರಿಗೆ ಈ ವಿಭಾಗದ ಮೆಟ್ಟಿಲು ನೆರವಾಗುವುದಿಲ್ಲ. ಪುಟ ಇರುವ ಜಾಗ ಒಂದೇ ಆದರೂ ಅದರ ವಿಷಯ ಹಲವು, ಅದಕ್ಕೇ ಅದು ಹಲವು ಟ್ಯಾಗ್‌ಗಳನ್ನು ಹೊರಬಲ್ಲದು.

ಗ್ರಂಥಾಲಯಗಳು ಈ ತೊಡಕನ್ನು ಬಹಳ ಹಿಂದೆಯೇ ಎದುರಿಸಿದ್ದವು. ಒಂದು ಪುಸ್ತಕವನ್ನು ಒಂದೇ ಕಪಾಟಿನಲ್ಲಿ ಇಡಲು ಸಾಧ್ಯ. ಎಸ್. ಆರ್. ರಂಗನಾಥನ್ 1933ರಲ್ಲಿ ಪ್ರಕಟಿಸಿದ ಕೋಲನ್ ವರ್ಗೀಕರಣ ವಿಷಯವೊಂದರ ಮುಖಗಳನ್ನು ಬಿಡಿಸಿ, ಒಂದೊಂದನ್ನೂ ಗುರುತಿಸಿ, ಮತ್ತೆ ಜೋಡಿಸುವ ದಾರಿ ತೋರಿಸಿತು. ಅವರೇ 1962ರಲ್ಲಿ ಬೆಂಗಳೂರಿನಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ದಾಖಲಾತಿ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದರು. ಎರಡು ಟ್ಯಾಗ್ ಕೂಡಿಸಿ ಹುಡುಕುವವರು ತಿಳಿಯದೆಯೇ ರಂಗನಾಥನ್ ಅವರ ಆಲೋಚನೆಯ ಹತ್ತಿರ ಬಂದಿರುತ್ತಾರೆ.

ವಾರ್ಡ್ ಕನ್ನಿಂಗ್‌ಹ್ಯಾಮ್ 1995ರ ಮಾರ್ಚ್ 25ರಂದು ತೆರೆದ ಮೊದಲ ವಿಕಿಯಲ್ಲಿ ಟ್ಯಾಗ್ ಸೌಲಭ್ಯವೇ ಇರಲಿಲ್ಲ. ಬಳಕೆದಾರರು ತಾವೇ ಒಂದು ರೂಢಿ ಮಾಡಿಕೊಂಡರು. ಪುಟದ ಕೊನೆಯಲ್ಲಿ ವರ್ಗದ ಹೆಸರನ್ನು ಮಾಮೂಲಿ ಕೊಂಡಿಯಾಗಿ ಬರೆಯುವುದು, ವರ್ಗದ ಪುಟಕ್ಕೆ ಹೋಗಿ ಅದರ ಶೀರ್ಷಿಕೆ ಒತ್ತುವುದು, ಆ ಹೆಸರು ಇರುವ ಪುಟಗಳೆಲ್ಲ ಪಟ್ಟಿಯಾಗಿ ಬರುವುದು. ಹೊಸದಾಗಿ ಒಂದು ಸಾಲು ಪ್ರೋಗ್ರಾಂ ಬರೆಯದೆ, ಬರೀ ಒಪ್ಪಂದದ ಬಲದಿಂದ ನಡೆದ ವ್ಯವಸ್ಥೆ ಇದು. ಜೋಶುವಾ ಶಾಕ್ಟರ್ 2003ರಲ್ಲಿ ಆರಂಭಿಸಿದ, ಜಾಲಪುಟಗಳನ್ನು ಗುರುತಿಸಿಟ್ಟುಕೊಳ್ಳುವ ತಾಣ ಡೆಲಿಶಿಯಸ್, ಮರುವರ್ಷದ ಫೋಟೊ ತಾಣ ಫ್ಲಿಕರ್ ಟ್ಯಾಗ್ ಹಚ್ಚುವ ಅಭ್ಯಾಸವನ್ನು ಜನಸಾಮಾನ್ಯರಿಗೆ ತಲುಪಿಸಿದವು. ಮೀಡಿಯಾವಿಕಿಗೆ ವರ್ಗಗಳು ಬಂದದ್ದೂ, ಸಿಡ್ನಿಯ ಅಟ್ಲಾಸಿಯನ್ ಕಾನ್‌ಫ್ಲುಯೆನ್ಸನ್ನು ಬಿಡುಗಡೆ ಮಾಡಿದ್ದೂ 2004ರಲ್ಲೇ.

ಒಳಗಿನ ಕೆಲಸ ಸರಳ. ಪ್ರತಿ ಟ್ಯಾಗ್‌ಗೂ ಅದನ್ನು ಹೊತ್ತ ಪುಟಗಳ ಪಟ್ಟಿಯನ್ನು ತಂತ್ರಾಂಶ ಮೊದಲೇ ಸಿದ್ಧವಾಗಿ ಇಟ್ಟಿರುತ್ತದೆ, ಪುಸ್ತಕದ ಕೊನೆಯ ಪದಸೂಚಿಯ ಹಾಗೆ. ಎರಡು ಟ್ಯಾಗ್ ಕೇಳಿದಾಗ ಎರಡು ಪಟ್ಟಿಗಳಲ್ಲೂ ಇರುವ ಪುಟಗಳನ್ನು ಮಾತ್ರ ಆರಿಸುತ್ತದೆ. ಸಾಮಾನ್ಯ ಪದಹುಡುಕಾಟಕ್ಕೂ ಇದಕ್ಕೂ ಇರುವ ಅಂತರ ವೇಗದ್ದಲ್ಲ. ‘ಬಿಡುಗಡೆ’ ಎಂಬ ಪದ ನೂರಾರು ಪುಟಗಳಲ್ಲಿ ಸುಮ್ಮನೆ ಹಾದುಹೋಗಿರಬಹುದು. ಆ ಟ್ಯಾಗ್ ಇರುವ ಪುಟದಲ್ಲಾದರೋ, ಇದು ಬಿಡುಗಡೆಯ ಬಗ್ಗೆಯೇ ಇದೆ ಎಂದು ಒಬ್ಬ ಮನುಷ್ಯ ಓದಿ ತೀರ್ಮಾನಿಸಿರುತ್ತಾನೆ. ಟ್ಯಾಗ್‌ನ ಬೆಲೆಯೆಲ್ಲ ಆ ತೀರ್ಮಾನದಲ್ಲಿದೆ.

ಕಾನ್‌ಫ್ಲುಯೆನ್ಸ್‌ನ ಲೇಬಲ್‌ನಲ್ಲಿ ಪದಗಳ ನಡುವೆ ಖಾಲಿ ಜಾಗ ಬಿಡುವಂತಿಲ್ಲ. ಆದ್ದರಿಂದ ‘ಮೀಟಿಂಗ್-ನೋಟ್ಸ್’ ಎಂದು ಅಡ್ಡಗೆರೆ ಹಾಕಿ ಬರೆಯುವುದು ವಾಡಿಕೆ. ಸಭೆಯ ಟಿಪ್ಪಣಿಗೆಂದು ಇರುವ ಸಿದ್ಧ ಮಾದರಿ ಬಳಸಿದರೆ ಆ ಲೇಬಲ್ ತಾನಾಗಿ ಅಂಟಿಕೊಳ್ಳುತ್ತದೆ. ಪುಟದ ಮೇಲಿನ ಲೇಬಲ್ ಒತ್ತಿದರೆ ಅದೇ ಲೇಬಲ್‌ನ ಉಳಿದ ಪುಟಗಳು ತೆರೆದುಕೊಳ್ಳುತ್ತವೆ. ಇನ್ನೂ ಉಪಯುಕ್ತವಾದದ್ದು ಮ್ಯಾಕ್ರೊ: ಯಾವುದಾದರೂ ಪುಟದಲ್ಲಿ ಅದನ್ನು ಕೂರಿಸಿ ಬೇಕಾದ ಲೇಬಲ್‌ಗಳನ್ನು ಹೇಳಿಟ್ಟರೆ, ಹೊಸ ಪುಟ ಬಂದಂತೆಲ್ಲ ಪಟ್ಟಿ ತಾನೇ ಬೆಳೆಯುತ್ತದೆ. ಆದರೆ ನೋಡುವವರಿಗೆ ಅನುಮತಿ ಇಲ್ಲದ ಪುಟಗಳು ಪಟ್ಟಿಯಲ್ಲಿ ಕಾಣುವುದಿಲ್ಲ. ಒಂದೇ ಲೇಬಲ್ ಒತ್ತಿದ ಇಬ್ಬರು ಸಹೋದ್ಯೋಗಿಗಳಿಗೆ ಬೇರೆಬೇರೆ ಪಟ್ಟಿ ಸಿಗುವುದು ಇದೇ ಕಾರಣಕ್ಕೆ.

ಮೀಡಿಯಾವಿಕಿಯ ಬಗೆ ಬೇರೆ. ಅಲ್ಲಿ ವರ್ಗವೇ ಒಂದು ಪುಟ. ಅದರೊಳಗೆ ಉಪವರ್ಗಗಳಿರಬಹುದು, ಮೇಲೆ ವಿವರಣೆ ಬರೆಯಬಹುದು, ಸದಸ್ಯ ಪುಟಗಳು 200ರ ಕಂತಿನಲ್ಲಿ ಕಾಣುತ್ತವೆ. ಎರಡು ವರ್ಗಗಳಿಗೂ ಸೇರಿದ ಪುಟ ಬೇಕೆಂದರೆ ಮಾತ್ರ ವರ್ಗದ ಪುಟ ಸಾಲದು, ವಿಕಿಪೀಡಿಯದಂಥ ಕಡೆ ಹುಡುಕಾಟದ ಪೆಟ್ಟಿಗೆಗೆ ಹೋಗಿ ಎರಡೂ ವರ್ಗಗಳ ಹೆಸರು ಕೊಡಬೇಕು.

ಇಷ್ಟೆಲ್ಲ ಸೌಲಭ್ಯವಿದ್ದೂ ಪುಟ ಸಿಗದಿದ್ದರೆ, ಬಹಳ ಸಲ ಅದಕ್ಕೆ ಕಾರಣ ಪದಗಳಲ್ಲಿ ಹೊಂದಾಣಿಕೆ ಇಲ್ಲದಿರುವುದು. ಅಮೆರಿಕದ ಜಾರ್ಜ್ ಫರ್ನಾಸ್ ಮತ್ತು ಸಂಗಡಿಗರು 1987ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಬ್ಬರು ಒಂದೇ ವಸ್ತುವಿಗೆ ತಾವಾಗಿ ಒಂದೇ ಹೆಸರು ಆರಿಸುವ ಸಂಭವ ಶೇ. 20ಕ್ಕಿಂತ ಕಡಿಮೆ ಎಂದು ಕಂಡುಬಂತು. ಒಬ್ಬರು ‘ಲಾಗಿನ್’ ಎಂದರೆ ಇನ್ನೊಬ್ಬರು ‘ಸೈನ್-ಇನ್’, ಮತ್ತೊಬ್ಬರು ‘ಪಾಸ್‌ವರ್ಡ್’ ಎನ್ನುತ್ತಾರೆ. ಜನ ಹೆಚ್ಚಿದಂತೆ ಇದು ತಾನೇ ಸರಿಹೋಗಬಹುದು: ಡೆಲಿಶಿಯಸ್ ಬಗ್ಗೆ ಸ್ಕಾಟ್ ಗೋಲ್ಡರ್ ಮತ್ತು ಬರ್ನಾರ್ಡೊ ಹ್ಯೂಬರ್ಮನ್ 2006ರಲ್ಲಿ ಬರೆದ ಪ್ರಬಂಧದ ಪ್ರಕಾರ, ಸುಮಾರು 100 ಮಂದಿ ಗುರುತಿಸಿಟ್ಟುಕೊಂಡ ಪುಟದ ಟ್ಯಾಗ್‌ಗಳ ಪ್ರಮಾಣ ಹೆಚ್ಚುಕಡಿಮೆ ಸ್ಥಿರವಾಗುತ್ತದೆ. ಇಪ್ಪತ್ತು ಜನರ ತಂಡಕ್ಕೆ ಆ ಸಮಾಧಾನವಿಲ್ಲ. ಅಲ್ಲಿ ಪುಟಕ್ಕೆ ಟ್ಯಾಗ್ ಹಾಕುವವರು ಒಬ್ಬರು, ಹೆಚ್ಚೆಂದರೆ ಇಬ್ಬರು. ತಪ್ಪಿದ ಪದವನ್ನು ತಿದ್ದುವ ಜನಸಂದಣಿ ಇಲ್ಲ. ಹಾಗಾಗಿ ಸಣ್ಣ ತಂಡಕ್ಕೇ ಒಪ್ಪಿದ ಪದಪಟ್ಟಿಯ ಅಗತ್ಯ ಹೆಚ್ಚು. ಮೊದಲ ವಿಕಿಯ ಬಳಕೆದಾರರು ಮಾಡಿಕೊಂಡಂಥದೇ ಒಪ್ಪಂದವನ್ನು ಇವರೂ ಮಾಡಿಕೊಳ್ಳಬೇಕು.

ಕನ್ನಡದಲ್ಲಿ ಟ್ಯಾಗ್ ಬರೆಯುವವರಿಗೆ ಇನ್ನೊಂದು ಪದರವಿದೆ. ಯೂನಿಕೋಡ್‌ನಲ್ಲಿ ‘ಕೊ’ದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ, ಎತ್ವ ಮತ್ತು ಕೊಂಬಿನ ದೀರ್ಘ ಎಂಬ ಎರಡು ಸಂಕೇತಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಮೀಡಿಯಾವಿಕಿ ಇಂಥವನ್ನು ಒಂದೇ ರೂಪಕ್ಕೆ ತರುತ್ತದೆ. ಆದರೆ ‘ಸರ್ವರ್’ ಪದದ ಕೊನೆಗೆ ಟೈಪಿಂಗ್‌ನಲ್ಲಿ ಸೇರಿಕೊಂಡ, ಅಕ್ಷರಗಳು ಬೆಸೆಯದಂತೆ ತಡೆಯುವ ಕಾಣದ ಸಂಕೇತ ಆ ಶುದ್ಧೀಕರಣದಲ್ಲಿ ಹೋಗುವುದಿಲ್ಲ. ಆಗ ಪರದೆಯ ಮೇಲೆ ಒಂದೇ ಆಗಿ ಕಾಣುವ ಎರಡು ಟ್ಯಾಗ್‌ಗಳು ಹುಟ್ಟಿ, ಪುಟಗಳು ಎರಡು ಪಟ್ಟಿಗಳಿಗೆ ಹಂಚಿಹೋಗಬಹುದು. ಹೊಸದಾಗಿ ಟೈಪ್ ಮಾಡದೆ, ತಂತ್ರಾಂಶ ಸೂಚಿಸುವ ಹಳೆಯ ಟ್ಯಾಗನ್ನೇ ಆರಿಸಿಕೊಳ್ಳುವುದು ಇದಕ್ಕೆ ಸುಲಭದ ಮದ್ದು.

ಹೀಗೆ ಚದುರಿದ ಟ್ಯಾಗ್‌ಗಳನ್ನು ಕೂಡಿಸುವ, ಕೊಂಡಿ ತಿದ್ದುವ ಕೆಲಸವನ್ನು ವಿಕಿ ಬಳಗಗಳಲ್ಲಿ ತೋಟಗಾರಿಕೆ ಎನ್ನುತ್ತಾರೆ. ಜೆರೆಮಿ ರಸ್ಟನ್ 2004ರಲ್ಲಿ ರೂಪಿಸಿದ ಟಿಡ್ಲಿವಿಕಿ ಇದಕ್ಕೆ ಚೆನ್ನಾಗಿ ಒದಗುತ್ತದೆ. ಅಲ್ಲಿ ಟ್ಯಾಗ್‌ನದೇ ಹೆಸರಿನ ಟಿಪ್ಪಣಿ ತೆರೆದು, ಈ ಟ್ಯಾಗ್ ಯಾವುದಕ್ಕೆ, ಯಾವುದಕ್ಕಲ್ಲ ಎಂದು ಬರೆದಿಡಬಹುದು. ಆ ಟಿಪ್ಪಣಿಗೂ ಬೇರೆ ಟ್ಯಾಗ್ ಹಚ್ಚಬಹುದು. ಕಾನ್‌ಫ್ಲುಯೆನ್ಸ್‌ನ ಹುಡುಕಾಟದಲ್ಲಿ ಲೇಬಲ್ ಜೊತೆಗೆ ಕೊನೆಯ ಬಾರಿ ತಿದ್ದಿದ ದಿನಾಂಕವನ್ನೂ ಸೇರಿಸಿ ಕೇಳಬಹುದಾದ್ದರಿಂದ, ಒಂದು ವರ್ಷದಿಂದ ಯಾರೂ ಮುಟ್ಟದ ‘ಹೇಗೆ-ಮಾಡುವುದು’ ಪುಟಗಳನ್ನು ಒಂದೇ ಪ್ರಶ್ನೆಯಲ್ಲಿ ಹೊರತೆಗೆದು, ಓದಿ, ಸವಕಲಾದವುಗಳಿಗೆ ‘ಹಳೆಯದು’ ಎಂಬ ಲೇಬಲ್ ಹಾಕಿ ಉಳಿದ ಪಟ್ಟಿಗಳಿಂದ ಹೊರಗಿಡಲು ಸಾಧ್ಯ.