ಎಂಜಿನ್ ನಿಂತ ಮೇಲಿನ ಕ್ಷಣಗಳು

ಒಂಟಿ ಎಂಜಿನ್ನಿನ ಪುಟ್ಟ ವಿಮಾನದ ಎಂಜಿನ್ ಆಕಾಶದಲ್ಲಿ ಕೈಕೊಟ್ಟರೆ ಅದು ಕಲ್ಲಿನಂತೆ ಕೆಳಗೆ ಬೀಳುತ್ತದೆಂದು ಬಹಳ ಮಂದಿ ನಂಬಿದ್ದಾರೆ. ಹಾಗೇನೂ ಆಗುವುದಿಲ್ಲ. ಸೆಸ್ನಾ 172ರಂಥ ವಿಮಾನ ಸಾವಿರ ಅಡಿ ಕೆಳಗಿಳಿಯುವಷ್ಟರಲ್ಲಿ ಎರಡೂವರೆ ಕಿಲೋಮೀಟರಿಗೂ ಹೆಚ್ಚು ದೂರ ತೇಲಿಕೊಂಡು ಹೋಗಬಲ್ಲದು. ಆದರೂ ಜನ ಸಾಯುತ್ತಾರೆ. ಅದೇಕೆ ಎಂಬ ಪ್ರಶ್ನೆಗೆ ತಜ್ಞರು ಕೊಡುವ ಉತ್ತರ ಕಾಲಕಾಲಕ್ಕೆ ಬದಲಾಗುತ್ತ ಬಂದಿದೆ.

ಮೊದಮೊದಲು ಎಲ್ಲರ ಕಣ್ಣು ಯಂತ್ರದ ಮೇಲಿತ್ತು. ಕಿಡಿ ಹೊತ್ತಿಸಲು ಒಂದರ ಬದಲು ಎರಡು ಮ್ಯಾಗ್ನೆಟೊ ಬಂದವು. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಆವಿಯಾಗುವಾಗ ಶಾಖ ಹೀರಿಕೊಳ್ಳುವುದರಿಂದ, ಹೊರಗೆ 25 ಡಿಗ್ರಿ ಸೆಕೆಯಿದ್ದರೂ ಗಾಳಿಯಲ್ಲಿ ತೇವವಿದ್ದರೆ ಒಳಗೆ ಮಂಜುಗಡ್ಡೆ ಕಟ್ಟಿ ಎಂಜಿನ್ ಉಸಿರುಗಟ್ಟುತ್ತದೆ. ಅದಕ್ಕೆ ಬಿಸಿಗಾಳಿ ಹಾಯಿಸುವ ಏರ್ಪಾಡಾಯಿತು.

1944ರಲ್ಲಿ ವುಲ್ಫ್‌ಗ್ಯಾಂಗ್ ಲಾಂಗೆವೀಶೆ ‘ಸ್ಟಿಕ್ ಅಂಡ್ ರಡ್ಡರ್’ ಪುಸ್ತಕದಲ್ಲಿ ಗಮನವನ್ನು ರೆಕ್ಕೆಯ ಕಡೆ ತಿರುಗಿಸಿದ. ಗಾಬರಿಯಾದ ಪೈಲಟ್ ಮೂತಿಯನ್ನು ಮೇಲಕ್ಕೆಳೆಯುತ್ತಾನೆ. ಗಾಳಿಗೆ ರೆಕ್ಕೆಯ ಕೋನ ಮಿತಿಮೀರುತ್ತದೆ. ರೆಕ್ಕೆಯ ಎತ್ತುವ ಬಲ ಕುಸಿದು ವಿಮಾನ ಸ್ಟಾಲ್ ಆಗುತ್ತದೆ. ಟೇಕಾಫ್ ಆದ ಕೂಡಲೇ ಎಂಜಿನ್ ನಿಂತು, ರನ್‌ವೇಗೆ ಮರಳಲು ತಿರುಗಿದರಂತೂ ಅಪಾಯ ಇಮ್ಮಡಿ. 45 ಡಿಗ್ರಿ ವಾಲಿದಾಗ ಸ್ಟಾಲ್ ಆಗುವ ವೇಗ ಶೇ. 19ರಷ್ಟು ಏರುತ್ತದೆ. ‘ನೇರ ಮುಂದೆ ಇಳಿ’ ಎಂಬ ಪಾಠ ಇಲ್ಲಿಂದಲೇ ಗಟ್ಟಿಯಾಯಿತು. ಎಷ್ಟು ಎತ್ತರದಲ್ಲಿದ್ದರೆ ತಿರುಗಬಹುದೆಂದು ಬೋಧಕರೇ ಮಾಡಿ ತೋರಿಸಲಿ ಎಂದು ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ಸಲಹೆ ಕೊಟ್ಟದ್ದು 2018ರಲ್ಲಿ.

ಅದೇ 1940ರ ದಶಕದಲ್ಲಿ ಹ್ಯೂ ಡಿಹೇವನ್ ಮತ್ತೊಂದು ದಾರಿ ಹಿಡಿದಿದ್ದ. 1917ರಲ್ಲಿ ತರಬೇತಿ ವಿಮಾನಗಳು ಡಿಕ್ಕಿಯಾಗಿ ಬಿದ್ದಾಗ ಬದುಕುಳಿದವನು ಅವನು. ತನ್ನ ಹೊಟ್ಟೆಯ ಗಾಯಗಳಿಗೆ ಬೆಲ್ಟಿನ ಚೂಪು ಬಕಲ್ಲೇ ಕಾರಣವೆಂದು ಅವನಿಗೆ ಹೊಳೆಯಿತು. ನೆಲಕ್ಕೆ ಅಪ್ಪಳಿಸುವುದರ ಜತೆಗೆ, ಅಪ್ಪಳಿಸಿದಾಗ ಮೈ ಯಾವುದಕ್ಕೆ ಬಡಿಯುತ್ತದೆ ಎಂಬುದೂ ಸಾವುಬದುಕನ್ನು ನಿರ್ಧರಿಸುತ್ತದೆ ಎಂದ. ಆದರೆ ಅಮೆರಿಕದಲ್ಲಿ ತಯಾರಾಗುವ ಸಣ್ಣ ವಿಮಾನಗಳ ಮುಂದಿನ ಸೀಟುಗಳಿಗೆ ಭುಜದ ಪಟ್ಟಿ ಕಡ್ಡಾಯವಾಗಲು 1978ರವರೆಗೆ ಕಾಯಬೇಕಾಯಿತು. ಅಷ್ಟು ವರ್ಷಗಳ ವಿಳಂಬವನ್ನು ಕ್ಷಮಿಸುವುದು ಕಷ್ಟ.

ಕಾಕ್‌ಪಿಟ್ಟಿನ ವಿನ್ಯಾಸವೇ ಕೊಲ್ಲಬಹುದು ಎಂಬುದನ್ನು ಗಾಯಕ ಜಾನ್ ಡೆನ್ವರ್ ಸಾವಿನಷ್ಟು ಸ್ಪಷ್ಟವಾಗಿ ತೋರಿಸಿದ ಪ್ರಕರಣ ಇನ್ನೊಂದಿಲ್ಲ. 1997ರ ಅಕ್ಟೋಬರ್ 12ರಂದು ಆತ ತಾನು ಹೊಸದಾಗಿ ಕೊಂಡಿದ್ದ ಲಾಂಗ್-ಇಝಡ್ ವಿಮಾನದಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆಯಿಂದ ಒಬ್ಬನೇ ಹೊರಟ. ಇಂಧನ ತುಂಬಿಸುವುದು ಬೇಡವೆಂದಿದ್ದ. ಟ್ಯಾಂಕ್ ಬದಲಿಸುವ ಹಿಡಿಯನ್ನು, ಮೂಲ ನಕ್ಷೆಯನ್ನು ಮೀರಿ, ವಿಮಾನ ಕಟ್ಟಿದವರು ಪೈಲಟ್‌ನ ಎಡಭುಜದ ಹಿಂದಿನ ಗೋಡೆಗೆ ಕೂರಿಸಿದ್ದರು. ಇಂಧನದ ಮಟ್ಟ ತೋರಿಸುವ ಗಾಜುಗಳೂ ಹಿಂಬದಿಗಿದ್ದವು. ಹಿಡಿ ತಿರುಗಿಸಬೇಕಾದರೆ ಸೀಟಿನಲ್ಲಿ ಪೂರ್ತಿ ಎಡಕ್ಕೆ ಹೊರಳಿ ಬಲಗೈಯನ್ನು ಹಿಂದಕ್ಕೆ ಚಾಚಬೇಕು. ತನಿಖೆಯ ವೇಳೆ ಹಾಗೆ ಕೂತು ಪರೀಕ್ಷಿಸಿದಾಗ, ಹೊರಳುವ ಹೊತ್ತಿಗೆ ಬಲಗಾಲು ತಾನೇ ತಾನಾಗಿ ಬಲ ರಡ್ಡರ್ ಪೆಡಲನ್ನು ಒತ್ತುವುದು ಕಂಡುಬಂತು. ನೆಲದಿಂದ ಕೆಲವೇ ನೂರು ಅಡಿ ಎತ್ತರದಲ್ಲಿ ಹತೋಟಿ ತಪ್ಪಲು ಅಷ್ಟೇ ಸಾಕು. ವಿಮಾನ ಪೆಸಿಫಿಕ್ ಗ್ರೋವ್ ಬಳಿ ಸಮುದ್ರಕ್ಕೆ ಬಿತ್ತು.

ಇಂಧನದ ವಿಷಯದಲ್ಲಿ ಡೆನ್ವರ್ ಒಬ್ಬನೇ ಅಲ್ಲ. 2011ರಿಂದ 2015ರವರೆಗೆ ಅಮೆರಿಕದಲ್ಲಿ ಇಂಧನ ನಿರ್ವಹಣೆಯ ಲೋಪದಿಂದ ವರ್ಷಕ್ಕೆ ಸರಾಸರಿ 50ಕ್ಕೂ ಹೆಚ್ಚು ಅಪಘಾತಗಳಾದವು. ಅವುಗಳಲ್ಲಿ ಶೇ. 95ರಷ್ಟರಲ್ಲಿ ಪೈಲಟ್‌ನ ಪಾತ್ರವಿತ್ತು ಎಂದು ಅಲ್ಲಿನ ಅಪಘಾತ ತನಿಖಾ ಸಂಸ್ಥೆ ಎನ್‌ಟಿಎಸ್‌ಬಿ ಲೆಕ್ಕ ಕೊಟ್ಟಿದೆ.

ಪೈಲಟ್ ತಪ್ಪಿದರೂ ಜೀವ ಉಳಿಯಲೆಂದು ವಿಮಾನ ತಯಾರಿಸುವ ಸಿರಸ್ ಕಂಪನಿ ಇಡೀ ವಿಮಾನವನ್ನೇ ಹೊತ್ತು ಇಳಿಸುವ ಪ್ಯಾರಾಶೂಟ್ ಕೊಟ್ಟಿತು. 1998ರಲ್ಲಿ ಪ್ರಮಾಣಪತ್ರ ಪಡೆದ ಎಸ್‌ಆರ್20ರಲ್ಲೇ ಅದಿತ್ತು. ಆದರೂ ಮೊದಲ ವರ್ಷಗಳಲ್ಲಿ ಸಾವುಗಳು ನಿರೀಕ್ಷಿಸಿದಷ್ಟು ಇಳಿಯಲಿಲ್ಲ. ಪೈಲಟ್‌ಗಳು ಪ್ಯಾರಾಶೂಟಿನ ಹಿಡಿಯನ್ನು ಎಳೆಯಲು ಹಿಂಜರಿಯುತ್ತಿದ್ದರು. ‘ಸಂಶಯ ಬಂದರೆ ಮೊದಲು ಎಳೆ’ ಎಂದು ತರಬೇತಿಯನ್ನೇ ತಿದ್ದಿದ ಮೇಲೆ ಫಲ ಕಂಡಿತು. ಉಪಕರಣಕ್ಕಿಂತ ತಾಲೀಮು ದೊಡ್ಡದು ಎಂದು ನಾನು ನಂಬುವುದು ಇದರಿಂದಲೇ.

ಕರ್ನಾಟಕದಲ್ಲೂ ಈ ಚರ್ಚೆ ನಡೆಯಬೇಕು. 2023ರ ಮೇ ಕೊನೆಯಲ್ಲಿ ಬೆಳಗಾವಿಯ ಸಾಂಬ್ರಾದಿಂದ ಹೊರಟ ತರಬೇತಿ ವಿಮಾನವೊಂದು ತಾಂತ್ರಿಕ ತೊಂದರೆಯಿಂದ ಹೊನ್ನಿಹಾಳ ಬಳಿಯ ಹೊಲದಲ್ಲಿ ಇಳಿಯಿತು. ಒಳಗಿದ್ದ ಇಬ್ಬರೂ ಬದುಕಿದರು. ಅಲ್ಲಿ ಇಳಿಯಲು ಹೊಲವಿತ್ತು. ದಶಕಗಳಿಂದ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯಿರುವ ಬೆಂಗಳೂರಿನ ಜಕ್ಕೂರು ಸುತ್ತ ಈಗ ಮನೆ, ಅಪಾರ್ಟ್‌ಮೆಂಟು, ಮೇಲ್ಸೇತುವೆಗಳು ಒತ್ತಿಕೊಂಡಿವೆ. 2004ರ ಏಪ್ರಿಲ್ 17ರಂದು ನಟಿ ಸೌಂದರ್ಯ ಅವರಿದ್ದ ಸೆಸ್ನಾ 180 ಅಲ್ಲಿಂದ ಮೇಲೇರಿದ ಸ್ವಲ್ಪ ಹೊತ್ತಿಗೇ ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿ ಬಿದ್ದು ನಾಲ್ವರು ತೀರಿಕೊಂಡಿದ್ದರು. ‘ನೇರ ಮುಂದೆ ಇಳಿ’ ಎಂದು ವಿದ್ಯಾರ್ಥಿಗೆ ಹೇಳಿಕೊಡುವಾಗ ಮುಂದೆ ಬಯಲು ಉಳಿದಿರಬೇಕು. ರನ್‌ವೇಯ ಎರಡೂ ತುದಿಯ ಆಚೆಗೆ ಅಂಥ ಜಾಗ ಕಾಯ್ದಿಡುವ ಹೊಣೆ ಪೈಲಟ್‌ನದಲ್ಲ, ನಗರ ಯೋಜನೆ ಮಾಡುವವರದು.