ಸ್ವಲೀನರ ಹಕ್ಕುಗಳ ಚಳವಳಿ

ಸ್ವಲೀನರ ಹಕ್ಕುಗಳ ಚಳವಳಿಯು ಸ್ವಲೀನತೆ ಅಥವಾ ಆಟಿಸಂ ಇರುವ ವ್ಯಕ್ತಿಗಳು ತಮ್ಮ ಬದುಕಿನ ಕುರಿತು ತಾವೇ ಮಾತನಾಡುವ ಹಕ್ಕಿಗಾಗಿ ನಡೆಸುತ್ತಿರುವ ಸಾಮಾಜಿಕ ಚಳವಳಿಯಾಗಿದೆ. ಇದು 1990ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ರೂಪುಗೊಂಡಿತು. ಸ್ವಲೀನತೆಯನ್ನು ಗುಣಪಡಿಸಬೇಕಾದ ರೋಗವೆಂದು ನೋಡದೆ, ಮಾನವ ಮಿದುಳಿನ ಸಹಜ ಭಿನ್ನತೆಗಳಲ್ಲಿ ಒಂದೆಂದು ಪರಿಗಣಿಸುವ 'ನರವೈವಿಧ್ಯ'ದ ಪರಿಕಲ್ಪನೆಯು ಇದರೊಂದಿಗೆ ಬೆಳೆದುಬಂದಿದೆ. ಸ್ವಲೀನತೆಯು ಅಂಗವೈಕಲ್ಯವೇ ಅಲ್ಲವೆಂದು ಚಳವಳಿಯು ವಾದಿಸುತ್ತದೆ ಎಂಬುದು ಸಾಮಾನ್ಯವಾದ ತಪ್ಪುಗ್ರಹಿಕೆ. ಅದರ ಮುಖ್ಯ ಸಂಘಟನೆಗಳು ಅಂಗವಿಕಲರ ಹಕ್ಕುಗಳ ನೆಲೆಯಿಂದಲೇ ಬೆಂಬಲ ಹಾಗೂ ಸೌಲಭ್ಯಗಳನ್ನು ಕೇಳುತ್ತವೆ.

ಇತಿಹಾಸ

ಅದುವರೆಗೆ ಸ್ವಲೀನತೆಯ ಕುರಿತ ಸಂಘಟನೆಗಳು ಬಹುಮಟ್ಟಿಗೆ ಪೋಷಕರು ಮತ್ತು ವೈದ್ಯರ ಕೈಯಲ್ಲಿದ್ದವು. 1992ರಲ್ಲಿ ಜಿಮ್ ಸಿಂಕ್ಲೇರ್, ಡೊನ್ನಾ ವಿಲಿಯಮ್ಸ್ ಮತ್ತು ಕ್ಯಾಥಿ ಲಿಸ್ನರ್ ಸೇರಿ 'ಆಟಿಸಂ ನೆಟ್‌ವರ್ಕ್ ಇಂಟರ್‌ನ್ಯಾಷನಲ್' ಅನ್ನು ಸ್ಥಾಪಿಸಿದರು. ಸ್ವಲೀನರೇ ನಡೆಸುವ ಸಂಘಟನೆ ಎಂಬುದೇ ಆಗ ಹೊಸತು. ಮರುವರ್ಷ ಟೊರಾಂಟೊದಲ್ಲಿ ನಡೆದ ಸಮ್ಮೇಳನದಲ್ಲಿ ಸಿಂಕ್ಲೇರ್ ಪೋಷಕರನ್ನು ಉದ್ದೇಶಿಸಿ ಮಾತನಾಡಿದರು. 'ಡೋಂಟ್ ಮೌರ್ನ್ ಫಾರ್ ಅಸ್' (ನಮಗಾಗಿ ಶೋಕಿಸಬೇಡಿ) ಎಂಬ ಹೆಸರಿನಲ್ಲಿ ಪ್ರಕಟವಾದ ಆ ಭಾಷಣವನ್ನು ಚಳವಳಿಯ ಮೂಲಪಠ್ಯವೆಂದು ಪರಿಗಣಿಸಲಾಗುತ್ತದೆ. ಪೋಷಕರ ದುಃಖವನ್ನು ಅದು ಅಲ್ಲಗಳೆಯುವುದಿಲ್ಲ. ಆದರೆ ಆ ದುಃಖವು ಅವರು ಕನಸು ಕಂಡ, ಎಂದೂ ಹುಟ್ಟಿಬಾರದ ಮಗುವಿಗೆ ಸಂಬಂಧಿಸಿದ್ದು. ಎದುರಿಗಿರುವ ಮಗುವಿಗೆ ಬೇಕಾಗಿರುವುದು ಶೋಕವಲ್ಲ, ಪೋಷಕರೇ ಎಂಬುದು ಅದರ ವಾದ.

1996ರಿಂದ ಇದೇ ಸಂಘಟನೆಯು 'ಆಟ್ರೀಟ್' ಎಂಬ ಶಿಬಿರಗಳನ್ನು ನಡೆಸಿತು. ಮಾತನಾಡಿಸಬಹುದೇ, ಬೇಡವೇ ಎಂಬುದನ್ನು ಬಾಯಿಬಿಟ್ಟು ಹೇಳದೆ ಬಣ್ಣದ ಬಿಲ್ಲೆಗಳ ಮೂಲಕ ಸೂಚಿಸುವ ಪದ್ಧತಿ ಅಲ್ಲಿ ಬಳಕೆಯಲ್ಲಿತ್ತು.

2006ರಲ್ಲಿ ಆರಿ ನೀಮನ್ ಮತ್ತು ಸ್ಕಾಟ್ ರಾಬರ್ಟ್‌ಸನ್ 'ಆಟಿಸ್ಟಿಕ್ ಸೆಲ್ಫ್ ಅಡ್ವೊಕಸಿ ನೆಟ್‌ವರ್ಕ್' ಅನ್ನು ಆರಂಭಿಸಿದರು. 2007ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಮಕ್ಕಳ ಅಧ್ಯಯನ ಕೇಂದ್ರವು, ಮಗುವನ್ನು ಸ್ವಲೀನತೆಯು ಅಪಹರಿಸಿ ಒತ್ತೆಪತ್ರ ಬರೆದಂತೆ ತೋರಿಸುವ ಜಾಹೀರಾತುಗಳನ್ನು ಪ್ರಕಟಿಸಿತು. ನೀಮನ್ ಅವರ ಸಂಘಟನೆಯು ಇತರ ಅಂಗವಿಕಲ ಸಂಘಟನೆಗಳೊಡನೆ ಪ್ರತಿಭಟಿಸಿದ್ದರಿಂದ ಅದೇ ತಿಂಗಳಲ್ಲಿ ಅವುಗಳನ್ನು ಹಿಂತೆಗೆದುಕೊಳ್ಳಲಾಯಿತು.

ವಿಮರ್ಶೆ

ಮಾತು ಬಾರದ, ದಿನವಿಡೀ ಆರೈಕೆ ಬೇಕಾದವರನ್ನು ಈ ಚಳವಳಿಯು ಪ್ರತಿನಿಧಿಸುವುದಿಲ್ಲವೆಂದು ಕೆಲವು ಪೋಷಕರು ಆಕ್ಷೇಪಿಸುತ್ತಾರೆ. ಈ ಆಕ್ಷೇಪವು ಹಗುರವಾದುದಲ್ಲ. ಆದರೆ ಬೆರಳಚ್ಚು ಮತ್ತಿತರ ಸಾಧನಗಳ ಮೂಲಕ ಸಂವಹಿಸುವ, ಮಾತನಾಡದ ಸ್ವಲೀನರೂ ಚಳವಳಿಯಲ್ಲಿದ್ದಾರೆ.

ಭಾರತದಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ಗುರುತಿಸಿರುವ 21 ಬಗೆಯ ವೈಕಲ್ಯಗಳಲ್ಲಿ ಸ್ವಲೀನತೆಯೂ ಸೇರಿದೆ.